ಕಾಲಿನ ಸಿರೆಗಳು ಉಬ್ಬುವುದೇಕೆ?

ಗಿರಣಿಯ ಕೆಲಸಗಾರ, ಶಾಲೆಯ ಉಪಾಧ್ಯಾಯ, ಚೌಕದಲ್ಲಿ ನಿಲ್ಲುವ ಪೊಲೀಸಿನವ, ಒಲೆಯ ಮುಂದೆ ಗಂಟೆಗಟ್ಟಲೆ ನಿಂತಿರುವ ಗೃಹಿಣಿ—ಇಂಥವರ ಕಾಲುಗಳು ಸಂಜೆಯ ಹೊತ್ತಿಗೆ ಭಾರವಾಗುವುದುಂಟು. ಹರಡಿನ ಬಳಿ ಬಾತುಕೊಳ್ಳುವುದೂ ಉಂಟು. ಕೆಲವರ ಮೀನಖಂಡದ ಮೇಲೆ ನೀಲಿಯ ಹಗ್ಗದಂತೆ ಸೊಟ್ಟಸೊಟ್ಟಾಗಿ ಉಬ್ಬಿದ ಸಿರೆಗಳು ಕಾಣಿಸಿಕೊಳ್ಳುತ್ತವೆ. ಇದಕ್ಕೆ ಕಾರಣವೇನು?

ಪಾದಕ್ಕೆ ಇಳಿದ ರಕ್ತವು ಮರಳಿ ಹೃದಯಕ್ಕೆ ಏರಬೇಕಷ್ಟೆ. ಅದಕ್ಕೆ ನೆರವಾಗುವವುಗಳಲ್ಲಿ ಎರಡು ಮುಖ್ಯ. ಒಂದು, ಸಿರೆಗಳೊಳಗಿನ ಪುಟ್ಟ ಕವಾಟಗಳು. ಇಟಲಿಯ ಪಡುವಾದಲ್ಲಿ ಅಧ್ಯಾಪಕನಾಗಿದ್ದ ಫ್ಯಾಬ್ರಿಸಿಯಸನು 1603ರಲ್ಲಿ ಇವುಗಳನ್ನು ಗ್ರಂಥರೂಪದಲ್ಲಿ ವರ್ಣಿಸಿದನು. ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆಂಬುದನ್ನು ಅವನ ಶಿಷ್ಯ ವಿಲಿಯಂ ಹಾರ್ವೆಯು 1628ರಲ್ಲಿ ತೋರಿಸಿಕೊಟ್ಟನು. ಮತ್ತೊಂದು, ಮೀನಖಂಡದ ಸ್ನಾಯು. ನಡೆಯುವಾಗ ಅದು ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅಲುಗದೆ ನಿಂತವನ ಪಾದದ ಸಿರೆಯಲ್ಲಿ ಒತ್ತಡವು ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಆರೋಗ್ಯವಂತನು ಹತ್ತಾರು ಹೆಜ್ಜೆ ನಡೆದರೆ ಅದು ಸುಮಾರು 30ಕ್ಕೆ ಇಳಿಯುತ್ತದೆ.

ಕವಾಟಗಳು ಸೋತರೆ ರಕ್ತವು ಹಿಂದಕ್ಕೆ ಜಾರಿ ಸಿರೆಯನ್ನು ಹಿಗ್ಗಿಸುತ್ತದೆ. ಹಿಗ್ಗಿದ ಸಿರೆಯಲ್ಲಿ ಕವಾಟದ ದಳಗಳು ಒಂದನ್ನೊಂದು ಮುಟ್ಟಲಾರವು. ಸೋರಿಕೆ ಮತ್ತಷ್ಟು ಹೆಚ್ಚುತ್ತದೆ. ವಂಶಗುಣ, ವಯಸ್ಸು, ಗರ್ಭಧಾರಣೆ, ಸ್ಥೂಲಕಾಯ ಇವು ಇದಕ್ಕೆ ಎಡೆಗೊಡುತ್ತವೆ.

ಕೆಟ್ಟ ಕವಾಟವನ್ನು ಯಾವ ಅಭ್ಯಾಸವೂ ಸರಿಪಡಿಸಲಾರದು. ಆದರೆ ಅದರ ಬಾಧೆಯನ್ನು ತಗ್ಗಿಸುವುದು ನಮ್ಮ ಕೈಯಲ್ಲಿದೆ. ದಿನವೂ ನಡೆಯಬೇಕು. ನಿಂತೇ ಕೆಲಸಮಾಡುವವರು ಆಗಾಗ ನಾಲ್ಕು ಹೆಜ್ಜೆ ಇಡಬೇಕು. ಅದಾಗದಿದ್ದರೆ ನಿಂತಲ್ಲಿಯೇ ಹಿಮ್ಮಡಿಗಳನ್ನು ಎತ್ತಿ ಇಳಿಸಬೇಕು. ಕುಳಿತವರು ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಮಡಿಸುತ್ತಿರಲಿ. ದಿನದಲ್ಲಿ ಮೂರು ನಾಲ್ಕು ಬಾರಿ ಹದಿನೈದು ನಿಮಿಷ ಮಲಗಿ, ಕಾಲುಗಳನ್ನು ದಿಂಬಿನ ಮೇಲೆ ಹೃದಯಕ್ಕಿಂತ ಎತ್ತರದಲ್ಲಿಟ್ಟರೆ ಬಾವು ಇಳಿಯುತ್ತದೆ. ದೇಹದ ತೂಕ ಮಿತವಾಗಿರಲಿ. ಬಿಗಿಯಾದ ಕಾಲುಚೀಲವನ್ನು ಧರಿಸುವುದಾದರೆ, ಬಾವು ಬರುವ ಮುನ್ನ, ಬೆಳಗಿನಲ್ಲಿಯೇ ಧರಿಸಬೇಕು. ಕಾಲಿಗೆ ರಕ್ತ ತರುವ ಅಪಧಮನಿಗಳು ಕಿರಿದಾದವರಿಗೆ ಅದು ಹಾನಿಕರ. ಆದುದರಿಂದ ಮೊದಲು ವೈದ್ಯರನ್ನು ಕೇಳುವುದು ಲೇಸು.

ಕೆಲವು ಚಿಹ್ನೆಗಳನ್ನು ಮಾತ್ರ ಅಲಕ್ಷಿಸಲಾಗದು. ಹರಡಿನ ಬಳಿ ಚರ್ಮ ಕಪ್ಪಾಗುವುದು, ಮಾಯದ ಹುಣ್ಣು ಇವುಗಳಿಗೆ ಚಿಕಿತ್ಸೆ ಬೇಕು. ಉಬ್ಬಿದ ಸಿರೆ ಒಡೆದು ರಕ್ತ ಹರಿದರೆ ಒಡನೆಯೇ ಮಲಗಿ, ಕಾಲನ್ನೆತ್ತಿ, ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿಹಿಡಿದು, ವೈದ್ಯರ ನೆರವು ಪಡೆಯಬೇಕು. ಒಂದೇ ಕಾಲು ಹಠಾತ್ತನೆ ಊದಿ ನೋಯತೊಡಗಿದರೆ ಒಳಗಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ಎಣ್ಣೆ ಹಚ್ಚಿ ತಿಕ್ಕುತ್ತ ಕೂರುವುದು ಅಪಾಯ. ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ದಿನವಿಡೀ ನಮ್ಮನ್ನು ಹೊರುವ ಕಾಲುಗಳಿಗೆ ನಾವು ಸಲ್ಲಿಸಬೇಕಾದ ಉಪಚಾರ ಇಷ್ಟೆ: ನಡೆಯುವಷ್ಟು ನಡೆಯುವುದು, ಒಂದಿಷ್ಟು ಹೊತ್ತು ಅವನ್ನು ಎತ್ತಿ ಇಡುವುದು.