ಕೊಲೆ ಕೇಸಿಗೆ ಮಕ್ಕಳ ಡಾಕ್ಟರು!

ಪತ್ತೇದಾರ ಅಂದಕೂಡಲೇ ನಿಮ್ಮ ಕಣ್ಣಮುಂದೆ ಏನು ಬರುತ್ತೆ, ಹೇಳಿ? ಉದ್ದನೆ ಕೋಟು, ಓರೆ ಹ್ಯಾಟು, ಬೆರಳ ಸಂದಿಯಲ್ಲಿ ಸಿಗರೇಟು, ಜೇಬಲ್ಲಿ ಪಿಸ್ತೂಲು! ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಕದ್ದುಮುಚ್ಚಿ ಓದಿದವರಿಗೆ ಬೇರೆ ಇನ್ನೇನು ಬರಬೇಕು?

ಆದರೆ ಫುಟ್‌ಪಾತ್ ಅಂಗಡಿಯಲ್ಲಿ ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ನನ್ನ ಕೈಗೆ ಸಿಕ್ಕಿತು ನೋಡಿ.... ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ನಾನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೂರು ರಾತ್ರಿ ಕೂತು ಮುಗಿಸಿದೆ. ಹೆಸರು 'ವೆನ್ ದ ಬೋ ಬ್ರೇಕ್ಸ್'. ಬರೆದವರು ಜೊನಾಥನ್ ಕೆಲ್ಲರ್‌ಮನ್. ಹೊರಬಂದದ್ದು 1985ರಲ್ಲಿ.

ಲಾಸ್ ಏಂಜಲೀಸ್‌ನಲ್ಲಿ ಒಬ್ಬ ಮನೋವೈದ್ಯ ಮತ್ತು ಅವನ ಗೆಳತಿಯ ಬರ್ಬರ ಕೊಲೆ. ಪೊಲೀಸರಿಗೆ ಸಾಕ್ಷಿ ಅಂತ ಇರೋದು ಒಬ್ಬಳೇ. ಅವಳಿಗೆ ಏಳು ವರ್ಷ! ಅದೂ ಮಾತ್ರೆ ನುಂಗಿ ನುಂಗಿ ಮಂಪರಿನಲ್ಲಿರೋ ಮಗು. ಏನಾದರೂ ನೋಡಿದ್ದಾಳಾ? ನೋಡಿದ್ದರೆ ಹೇಳಿಸೋದು ಹೇಗೆ? ಗದರಿಸಿದರೆ ಮಗು ಅಳುತ್ತೆ, ಅಷ್ಟೇ. ಆಗ ಡಿಟೆಕ್ಟಿವ್ ಮೈಲೋ ಸ್ಟರ್ಜಿಸ್ ತನ್ನ ಗೆಳೆಯನ ಬಾಗಿಲು ತಟ್ಟುತ್ತಾನೆ. ಅವನೇ ನಮ್ಮ ಹೀರೋ ಅಲೆಕ್ಸ್ ಡೆಲವೇರ್, ಮಕ್ಕಳ ಮನಶ್ಶಾಸ್ತ್ರಜ್ಞ. 'ಡಾಕ್ಟರ್' ಅಂತ ಕರೀತಾರೆ ನಿಜ. ಆದರೆ ಸೂಜಿ ಚುಚ್ಚಲ್ಲ, ಮಾತ್ರೆ ಬರೆಯಲ್ಲ. 'ಆಪ್ತಮಿತ್ರ'ದಲ್ಲಿ (2004) ವಿಷ್ಣುವರ್ಧನ್ ಮಾಡಿದ್ದು ಮನೋವೈದ್ಯನ ಪಾತ್ರ, ಇವನು ಬೇರೆ ಜಾತಿ. ಇವನ ಬಂಡವಾಳ ಮಾತು, ಅದಕ್ಕಿಂತ ಹೆಚ್ಚಾಗಿ ಮೌನ.

ಇನ್ನೊಂದು ಸಂಗತಿ. ಕಥೆ ಶುರುವಾಗುವ ಹೊತ್ತಿಗೆ ಈ ಡೆಲವೇರ್ ಕೆಲಸಾನೇ ಬಿಟ್ಟು ಮನೆಯಲ್ಲಿ ಕೂತಿದ್ದಾನೆ. ವಯಸ್ಸು ಬರೀ 33! ಮಕ್ಕಳ ಮೇಲೆ ಅತ್ಯಾಚಾರ ಮಾಡಿದ ಒಬ್ಬ ದುರುಳ ಇವನ ಆಫೀಸಿನಲ್ಲೇ ಹೆಣವಾಗಿ ಬಿದ್ದಿದ್ದ. ಆ ಮಕ್ಕಳ ಕಣ್ಣೀರು ಒರೆಸಿ ಒರೆಸಿ ಇವನೇ ಬಸವಳಿದು ಹೋಗಿದ್ದ. ಊರೆಲ್ಲರ ಮನಸ್ಸು ರಿಪೇರಿ ಮಾಡೋನ ಮನಸ್ಸೇ ಮುರಿದಿದೆ. ನನಗೆ ಹಿಡಿಸಿದ್ದೇ ಇದು. ಮುಂದೇನಾಯ್ತು ಅಂತ ಮಾತ್ರ ಕೇಳಬೇಡಿ, ಹೇಳಲ್ಲ!

ಇಷ್ಟು ಕರಾರುವಾಕ್ಕಾಗಿ ಕೆಲ್ಲರ್‌ಮನ್ ಹೇಗೆ ಬರೆದರು? ಸ್ವಾಮಿ, ಅವರೇ ಮಕ್ಕಳ ಮನಶ್ಶಾಸ್ತ್ರಜ್ಞರು! ಲಾಸ್ ಏಂಜಲೀಸ್‌ನ ಮಕ್ಕಳ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಪೀಡಿತ ಕಂದಮ್ಮಗಳ ಜೊತೆ ದುಡಿದವರು. ಅದರ ಬಗ್ಗೆ 1980ರಲ್ಲಿ ವೈದ್ಯಕೀಯ ಪುಸ್ತಕವನ್ನೂ ತಂದರು. ಹಗಲು ಆಸ್ಪತ್ರೆ, ರಾತ್ರಿ ಮನೆಯ ಗ್ಯಾರೇಜಿನಲ್ಲಿ ಕಾದಂಬರಿ ಬರವಣಿಗೆ. 22ನೇ ವಯಸ್ಸಿಗೇ ಹಾಲಿವುಡ್ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಹೆಸರಿನ ಕಥಾ ಪ್ರಶಸ್ತಿ ಹೊಡೆದಿದ್ದರು. ಆದರೂ ಮೊದಲ ಕಾದಂಬರಿ ಅಚ್ಚಾಗೋದಕ್ಕೆ ಹದಿನಾಲ್ಕು ವರ್ಷ ಹಿಡೀತು! ಬಂದಮೇಲೆ ಎಡ್ಗರ್ ಪ್ರಶಸ್ತಿ, ಭರ್ಜರಿ ಮಾರಾಟ. ಇದುವರೆಗೆ ಡೆಲವೇರ್ ಕಥೆಗಳೇ 40ರ ಆಸುಪಾಸು ಬಂದಿವೆ. ಹೆಂಡತಿ ಫೇ, ಮಗ ಜೆಸ್ಸಿ ಕೂಡ ಪತ್ತೇದಾರಿ ಬರಹಗಾರರೇ. ಆ ಮನೆಯ ಊಟದ ಮೇಜಿನ ಮೇಲೆ ದಿನಕ್ಕೆಷ್ಟು ಹೆಣ ಬೀಳುತ್ತೋ!

ಮೈಲೋ ವಿಷಯ ಹೇಳಲೇಬೇಕು. ಆನೆಯಂಥ ಆಳು. ಗೆಳೆಯನ ಮನೆಗೆ ಬಂದರೆ ಮೊದಲು ಫ್ರಿಜ್ ಬಾಗಿಲು ತೆಗೀತಾನೆ. ಅವನು ಸಲಿಂಗಿ, ಅದೂ 1985ರ ಪೊಲೀಸ್ ಇಲಾಖೆಯಲ್ಲಿ! ಸಹೋದ್ಯೋಗಿಗಳ ಕುಹಕ ನುಂಗಿಕೊಂಡೇ ಕೆಲಸ ಮಾಡ್ತಾನೆ. ಅವನನ್ನು ಕೆಲ್ಲರ್‌ಮನ್ ನಗೆಪಾಟಲಿನ ಪಾತ್ರ ಮಾಡಲಿಲ್ಲ, ಕಥೆಯ ಅರ್ಧ ಭಾರ ಹೊರಿಸಿದರು. ಇವತ್ತಿನ ಎಷ್ಟೋ ಸಿನಿಮಾಗಳಿಗೂ ಆ ಧೈರ್ಯ ಇಲ್ಲ.

ಸಿನಿಮಾ ಆಯ್ತಾ ಅಂತೀರಾ? ಆಯ್ತು, ಆದರೆ ಟಿವಿಗೆ, 1986ರಲ್ಲಿ. 'ಚಿಯರ್ಸ್' ಹಾಸ್ಯ ಧಾರಾವಾಹಿಯಲ್ಲಿ ಬಾರ್ ನಡೆಸುತ್ತಾ ನಗಿಸುತ್ತಿದ್ದ ಟೆಡ್ ಡ್ಯಾನ್ಸನ್ ಡೆಲವೇರ್ ಆದ, ರಿಚರ್ಡ್ ಮಾಸರ್ ಮೈಲೋ ಆದ. ನಿರ್ದೇಶಕ ಯಾರು ಗೊತ್ತಾ? ನಮ್ಮ ಲಕ್ನೋದಲ್ಲಿ ಹುಟ್ಟಿದ ವಾರಿಸ್ ಹುಸೇನ್! 1963ರಲ್ಲಿ ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದವರು.

ದೊಡ್ಡ ಪರದೆಯ ಅದೃಷ್ಟ ಖುಲಾಯಿಸಿದ್ದು ಇನ್ನೊಬ್ಬ ಅಲೆಕ್ಸ್‌ಗೆ. ಜೇಮ್ಸ್ ಪ್ಯಾಟರ್‌ಸನ್ ಸೃಷ್ಟಿಯ ಅಲೆಕ್ಸ್ ಕ್ರಾಸ್‌ಗೆ. ಇವನು ವಾಷಿಂಗ್ಟನ್‌ನ ಕಪ್ಪು ವರ್ಣೀಯ, ಮನಶ್ಶಾಸ್ತ್ರಜ್ಞನೂ ಹೌದು, ಪೊಲೀಸನೂ ಹೌದು. ಮಾರ್ಗನ್ ಫ್ರೀಮನ್ 'ಕಿಸ್ ದ ಗರ್ಲ್ಸ್' (1997), 'ಅಲಾಂಗ್ ಕೇಮ್ ಎ ಸ್ಪೈಡರ್' (2001) ಎರಡರಲ್ಲೂ ಮಿಂಚಿದರು. ತಮಾಷೆ ಅಂದರೆ, ಎರಡನೇ ಕಾದಂಬರಿ ಮೊದಲು ಸಿನಿಮಾ ಆಯ್ತು, ಮೊದಲನೇದು ಆಮೇಲೆ! ಪುಸ್ತಕದ ಕ್ರಾಸ್ ಹರೆಯದ ಬಿಸಿ ಆರದವನು, ಫ್ರೀಮನ್‌ಗೋ ಅರವತ್ತು. ಆದರೂ ಆ ಕಣ್ಣು, ಆ ದನಿ.... ಎದುರಿಗಿದ್ದವನು ತಾನಾಗೇ ಬಾಯಿಬಿಡಬೇಕು! 2012ರಲ್ಲಿ ಟೈಲರ್ ಪೆರ್ರಿ ಅದೇ ಪಾತ್ರಕ್ಕೆ ಕೈಹಾಕಿ ಮುಗ್ಗರಿಸಿದ.

ನನ್ನ ಓಟು ಮಾತ್ರ ಡೆಲವೇರ್‌ಗೇ. ಕ್ರಾಸ್ ಬಳಿ ಪೊಲೀಸ್ ಬಿಲ್ಲೆ ಇದೆ. ಡೆಲವೇರ್ ಬಳಿ ಇರೋದು ಒಂದು ಹಳೇ ಕ್ಯಾಡಿಲಾಕ್ ಕಾರು, ಗಿಟಾರ್ ತಯಾರಿಸೋ ಒಬ್ಬ ಗೆಳತಿ ರಾಬಿನ್, ಮತ್ತೆ ಬಾಯಿಬಿಡದ ಮಗುವಿನ ಪಕ್ಕ ಗಂಟೆಗಟ್ಟಲೆ ಕೂರೋ ತಾಳ್ಮೆ. ಅಂದ ಹಾಗೆ, ಆ ಹರಿದ ಪುಸ್ತಕ ನನ್ನ ಹತ್ತಿರ ಈಗಿಲ್ಲ. ಗೆಳೆಯನೊಬ್ಬ 'ಎರಡು ದಿನದಲ್ಲಿ ಕೊಡ್ತೀನಿ ಗುರೂ' ಅಂತ ತಗೊಂಡು ಹೋದವನು ಪತ್ತೆಯೇ ಇಲ್ಲ!