ಪಿಕಪ್ ಇರುವ ಹಳೆಯ ಕಾರು: ಕೆಲವು ನಂಬಿಕೆ, ಕೆಲವು ಸತ್ಯ

ಚಾಮರಾಜನಗರದಿಂದ ಹೊರಟು ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ, ಗೋಬಿ ದಾಟಿ ತಿರುಪ್ಪೂರಿಗೆ ಹೋಗುವ ದಾರಿಯಲ್ಲಿ ಕುನ್ನತ್ತೂರು ಸಿಗುತ್ತದೆ. ತಾಳವಾಡಿಯ ಕನ್ನಡಿಗರಿಗೆ, ಕೊಂಗು ನಾಡಿನಲ್ಲಿ ತಲೆಮಾರುಗಳಿಂದ ಮಗ್ಗ ನಂಬಿ ಬದುಕಿದ ದೇವಾಂಗದವರ ಮನೆಗಳಿಗೆ ಇದು ಹಳೆಯ ದಾರಿ. ಈ ಭಾಗದ ಹುಡುಗರು ಸ್ವಲ್ಪ ‘ಪಿಕಪ್’ ಇರುವ ಸೆಕೆಂಡ್ ಹ್ಯಾಂಡ್ ಕಾರು ಬೇಕೆಂದರೆ ಮೊದಲು ಮುಖ ಮಾಡುವುದು ಕೊಯಮತ್ತೂರಿಗೆ.

ಅದಕ್ಕೆ ಕಾರಣವಿದೆ. ವೇಗದ ಹುಚ್ಚು ಆ ಊರಿಗೆ ಹೊಸದಲ್ಲ. ರೇಸ್ ಕಾರುಗಳನ್ನು ತಾನೇ ಕಟ್ಟಿ ಓಡಿಸಿದ ಎಸ್. ಕರಿವರ್ಧನ್ ಅಲ್ಲಿಯವರು. ಅವರ ಹೆಸರಿನ 2.1 ಕಿಲೋಮೀಟರ್ ಉದ್ದದ ಕರಿ ಮೋಟಾರ್ ಸ್ಪೀಡ್‌ವೇ ಚೆಟ್ಟಿಪಾಳಯಂನಲ್ಲಿದೆ. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಬೆಳೆದದ್ದೂ ಅಲ್ಲೇ. 2018ರ ಅಕ್ಟೋಬರ್‌ನಲ್ಲಿ ಟಾಟಾ ಮೋಟಾರ್ಸ್ ಕೊಯಮತ್ತೂರಿನ ಜಯೆಮ್ ಆಟೊಮೋಟಿವ್ಸ್ ಜೊತೆ ಸೇರಿ ಟಿಯಾಗೊ ಜೆಟಿಪಿ, ಟಿಗೋರ್ ಜೆಟಿಪಿ ಎಂಬ ಎರಡು ಚುರುಕು ಕಾರುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಮನೆಯ ಹೆಂಗಸರು ತರಕಾರಿಗೆ ಒಯ್ಯಬಹುದಾದ ಟಿಯಾಗೊಗೆ 114 ಪಿಎಸ್ ಶಕ್ತಿ, ಆಗಿನ ಬೆಲೆ 6.39 ಲಕ್ಷ. ಕೊಯಮತ್ತೂರಿನ ಟಿಎನ್ 37, 38, 66 ನಂಬರಿನ ಇಂಥ ಕಾರುಗಳು ಈಗ ಎರಡನೇ, ಮೂರನೇ ಕೈಗೆ ದಾಟುತ್ತಿವೆ. ಜೊತೆಗೆ ಒಂದಷ್ಟು ನಂಬಿಕೆಗಳೂ ಕೈ ಬದಲಾಯಿಸುತ್ತಿವೆ.

“ಹತ್ತು ಲಕ್ಷಕ್ಕೆ ಕೊಂಡರೆ ಹತ್ತು ಲಕ್ಷದ ಕಾರಿನ ಖರ್ಚು”

ಜೇಬಿಗೆ ಅತಿ ಹೆಚ್ಚು ಪೆಟ್ಟು ಕೊಡುವ ನಂಬಿಕೆ ಇದೇ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 2017ರಲ್ಲಿ ಬಂದಾಗ ಷೋರೂಂ ಬೆಲೆ 25 ಲಕ್ಷದ ಹತ್ತಿರ ಇತ್ತು, ಶಕ್ತಿ 230 ಪಿಎಸ್. ಇಂದು ಅದರ ಬೆಲೆ ಎಷ್ಟೇ ಇಳಿದಿರಲಿ, ಅದರ ಬ್ರೇಕ್ ಡಿಸ್ಕು, ಶಾಕ್ ಅಬ್ಸಾರ್ಬರು, ಗೇರ್‌ಬಾಕ್ಸ್ ಎಣ್ಣೆಯ ಬೆಲೆ ಇಳಿದಿಲ್ಲ. ಕಾರಿಗೆ ಸವಕಳಿ ಉಂಟು, ಬಿಡಿಭಾಗಕ್ಕೆ ಇಲ್ಲ. ಹೊಸ ಹ್ಯಾಚ್‌ಬ್ಯಾಕಿನ ಬೆಲೆಗೆ ಆರ್‌ಎಸ್ ತಂದವರು ಮೊದಲ ಸಲ ನಾಲ್ಕು ಟೈರು ಬದಲಿಸಿದ ದಿನ ಇದು ಗೊತ್ತಾಗುತ್ತದೆ.

ವಿಮೆಯದ್ದೂ ಇದೇ ಕಥೆ. ಕಾರಿನ ಮೌಲ್ಯ ಇಳಿದಂತೆ ಸ್ವಂತ ಹಾನಿಯ ಪ್ರೀಮಿಯಂ ಇಳಿಯುತ್ತದೆ, ನಿಜ. ಆದರೆ ಥರ್ಡ್ ಪಾರ್ಟಿ ಪ್ರೀಮಿಯಂ ನೋಡುವುದು ಎಂಜಿನ್ನಿನ ಸಿಸಿಯನ್ನು. 2022ರ ಜೂನ್‌ನಲ್ಲಿ ನಿಗದಿಯಾದ ದರದ ಪ್ರಕಾರ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500ರವರೆಗೆ 3,416, ಅದಕ್ಕೂ ಮೇಲಾದರೆ 7,897, ತೆರಿಗೆ ಬೇರೆ. 999 ಸಿಸಿಯ ಫೋಕ್ಸ್‌ವ್ಯಾಗನ್ ಪೋಲೊ ಟಿಎಸ್‌ಐ ಮೊದಲ ಸಾಲಿನಲ್ಲಿ ನಿಂತರೆ, ಎರಡು ಲೀಟರ್ ಎಂಜಿನ್ನಿನ ಆರ್‌ಎಸ್ ಕೊನೆಯ ಸಾಲಿನಲ್ಲಿ.

ನನ್ನ ಲೆಕ್ಕ ಸರಳ. ಕೊಳ್ಳುವ ಬೆಲೆಯ ಐದನೇ ಒಂದು ಪಾಲು ಮೊದಲ ವರ್ಷದ ರಿಪೇರಿಗೆಂದು ಬ್ಯಾಂಕಿನಲ್ಲೇ ಇರಬೇಕು. ಆ ದುಡ್ಡೂ ಸೇರಿಸಿಕೊಂಡರೆ ಮಾತ್ರ ಕಾರು ಕೈಗೆಟುಕುತ್ತದೆ ಅಂತಾದರೆ, ಆ ಕಾರು ಕೈಗೆಟುಕುವುದಿಲ್ಲ.

“ಜೋರು ಕಾರು ಅಂದರೆ ಹಿಂಡಿ ಹಿಪ್ಪೆ ಮಾಡಿರುತ್ತಾರೆ”

ಮನೆಯ ಹಿರಿಯರ ಮಾತು ಇದು. ಅರ್ಧ ಸತ್ಯ. ಇಂಥ ಎಂಜಿನ್ನುಗಳನ್ನು ವೇಗಕ್ಕಿಂತ ಹೆಚ್ಚಾಗಿ ಕೊಲ್ಲುವುದು ಅಲಕ್ಷ್ಯ. ಟರ್ಬೊದ ಕಂಬಿ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ತೆಳುವಾದ ಎಣ್ಣೆಯ ಪದರದ ಮೇಲೆ. ಎಣ್ಣೆ ಹಳೆಯದಾಗಿ ಜಿಡ್ಡುಗಟ್ಟಿದರೆ, ಗಂಟೆಗೆ 60ರಲ್ಲಿ ಓಡಿಸಿದ ಕಾರಿನ ಟರ್ಬೊ ಕೂಡ ಸಾಯುತ್ತದೆ. ಸಮಯಕ್ಕೆ ಸರಿಯಾಗಿ, ಸರಿಯಾದ ದರ್ಜೆಯ ಎಣ್ಣೆ ಹಾಕಿಸಿ ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದ ಕಾರು ಎಷ್ಟೋ ವಾಸಿ.

ಆದ್ದರಿಂದ ಕೇಳಬೇಕಾದದ್ದು ಸರ್ವಿಸ್ ಬಿಲ್ಲು. ಸ್ಟಾಂಪು ಹೊಡೆದ ಪುಸ್ತಕ ಸಾಲದು; ಯಾವ ಎಣ್ಣೆ, ಎಷ್ಟು ಲೀಟರು, ಎಷ್ಟು ಕಿಲೋಮೀಟರಿಗೆ ಎಂದು ಬರೆದ ಬಿಲ್ಲೇ ಬೇಕು. 2011ರಲ್ಲಿ ಬಂದ ಸ್ಕೋಡಾ ಲಾರಾ ಆರ್‌ಎಸ್‌ನ 1.8 ಟಿಎಸ್‌ಐ ಪೀಳಿಗೆಯ ಎಂಜಿನ್ನು ಎಣ್ಣೆ ಕುಡಿಯುವುದಕ್ಕೂ ಟೈಮಿಂಗ್ ಚೈನಿನ ಟೆನ್ಷನರ್ ಸೋಲುವುದಕ್ಕೂ ಜಗತ್ತಿನಾದ್ಯಂತ ಹೆಸರಾದದ್ದು. ಅಂಥ ಕಾರು ನೋಡಲು ಹೋದಾಗ ಎಂಜಿನ್ನು ತಣ್ಣಗಿರಬೇಕು. ತಲುಪಿದ ತಕ್ಷಣ ಬಾನೆಟ್ಟಿನ ಮೇಲೆ ಕೈ ಇಡಿ. ಬಿಸಿ ಇದ್ದರೆ ಮಾಲೀಕ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ ಎಂದರ್ಥ. ಅದಕ್ಕೆ ಕಾರಣ ಇದ್ದೇ ಇರುತ್ತದೆ. ಕೆಲವು ಗಂಟೆ ಪೂರಾ ತಣಿಯಲು ಬಿಟ್ಟು, ಮತ್ತೆ ಸ್ಟಾರ್ಟ್ ಮಾಡಿಸಿ. ಮೊದಲ ಕೆಲವು ಕ್ಷಣ ಚೈನಿನ ಕಡೆಯಿಂದ ಗಡಗಡ ಸದ್ದು ಬಂದರೆ ದೊಡ್ಡ ಖರ್ಚು ಕಾದಿದೆ.

ಚೆಟ್ಟಿಪಾಳಯಂ ಟ್ರ್ಯಾಕಿಗೆ ಹೋಗಿ ಬಂದ ಕಾರನ್ನು ಗುರುತಿಸುವುದೂ ಕಷ್ಟವಲ್ಲ. ಟೈರಿನ ಹೊರ ಅಂಚು ತರಚಿ ಸವೆದಿರುತ್ತದೆ, ಬ್ರೇಕ್ ಡಿಸ್ಕಿಗೆ ಸುಟ್ಟ ನೀಲಿ ಬಣ್ಣ ಬಂದಿರುತ್ತದೆ. ಹಾಗಿದ್ದ ಮಾತ್ರಕ್ಕೆ ಬಿಟ್ಟು ಬರಬೇಕಿಲ್ಲ. ಟ್ರ್ಯಾಕಿಗೆ ಹೋಗುವವರಲ್ಲಿ ಹಲವರು ಎಣ್ಣೆಯ ವಿಷಯದಲ್ಲಿ ನಮಗಿಂತ ಮಡಿವಂತರು.

“ಮೀಟರು ಕಡಿಮೆ ತೋರಿಸಿದರೆ ಕಾರು ಹೊಸದರಂತೆ”

ಕಾಂಗೇಯಂ ಎತ್ತನ್ನು ಹಲ್ಲು ನೋಡದೆ ಕೊಳ್ಳದ ಸೀಮೆಯಲ್ಲಿ ಕಾರಿನ ಮೀಟರನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಾರೆ! ಮೀಟರು ತಿರುಗಿಸುವುದು ಲ್ಯಾಪ್‌ಟಾಪು, ಕೇಬಲ್ಲಿನ ಕೆಲಸ. ತಿರುಗಿಸದೆ ಇದ್ದರೂ ಕಡಿಮೆ ಓಟ ತಾನೇ ಒಂದು ಗುಣವಲ್ಲ. ಎಂಟು ವರ್ಷದಲ್ಲಿ 20 ಸಾವಿರ ಓಡಿದ ಕಾರಿನ ಬ್ರೇಕ್ ಎಣ್ಣೆ ನೀರು ಹೀರಿಕೊಂಡಿರುತ್ತದೆ, ರಬ್ಬರ್ ಸೀಲುಗಳು ಒಣಗಿರುತ್ತವೆ. ಬೀದಿಯಿಂದ ಬೀದಿಗೆ ಓಡಿಸಿದ್ದರೆ ಎಂಜಿನ್ನು ಒಮ್ಮೆಯೂ ಸರಿಯಾಗಿ ಬಿಸಿಯೇರಿರುವುದಿಲ್ಲ. ದಿನವೂ ತಿರುಪ್ಪೂರಿನಿಂದ ಕೊಯಮತ್ತೂರಿಗೆ ಹೆದ್ದಾರಿಯಲ್ಲಿ ಓಡಿ 80 ಸಾವಿರ ಮುಟ್ಟಿದ ಕಾರು ಅದಕ್ಕಿಂತ ಆರೋಗ್ಯವಾಗಿರಬಹುದು.

ಮೀಟರು ಸುಳ್ಳು ಹೇಳಿದರೂ ಬೇರೆ ಭಾಗಗಳು ಬಾಯಿಬಿಡುತ್ತವೆ. ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದ ಟೈರು. ಕಾರು 2018ರದ್ದು, ಓಡಿದ್ದು 15 ಸಾವಿರ ಅನ್ನುತ್ತಾರೆ, ಟೈರು ಮಾತ್ರ 2022ರದ್ದು. ಅಷ್ಟು ಓಡಿದ್ದಕ್ಕೇ ಟೈರು ಏಕೆ ಬದಲಾಯಿತು? ಬ್ರೇಕ್ ಪೆಡಲಿನ ರಬ್ಬರು ನುಣ್ಣಗಾಗಿದೆಯೇ ನೋಡಿ. ಬಾನೆಟ್ ಎತ್ತಿ ಫೆಂಡರಿನ ಬೋಲ್ಟು ನೋಡಿ. ಪಾನಾ ಹಾಕಿ ತಿರುಗಿಸಿದ್ದರೆ ಅಂಚಿನಲ್ಲಿ ಬಣ್ಣ ಕಿತ್ತಿರುತ್ತದೆ. ಇನ್ನೊಂದು: ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸಾಮಾನ್ಯವಾಗಿ ಯಾರೂ ಅಷ್ಟು ಎಳೆಯುವುದಿಲ್ಲ, ತೊಳೆಯುವವರೂ ಅಲ್ಲಿಗೆ ಹೋಗುವುದಿಲ್ಲ. ಒಳಗಿನ ತುದಿಯಲ್ಲಿ ಕೆಸರಿನ ಕಲೆ ಇದ್ದರೆ ಆ ಕಾರು ನೀರಲ್ಲಿ ಮುಳುಗಿ ಎದ್ದದ್ದು. 2015ರ ಡಿಸೆಂಬರಿನಲ್ಲಿ, ಮತ್ತೆ 2023ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. ಚೆನ್ನೈ ನೋಂದಣಿಯ ಕಾರು ತೀರಾ ಅಗ್ಗಕ್ಕೆ ಬಂದರೆ ಮೊದಲು ಬೆಲ್ಟು ಎಳೆಯುವುದೇ ಕ್ಷೇಮ.

“ಡಿಎಸ್‌ಜಿ ಗೇರ್‌ಬಾಕ್ಸ್ ಅಂದರೆ ದೂರ ಇರು”

ದೂರ ಇರಬೇಕಿಲ್ಲ, ಸ್ವಭಾವ ಗೊತ್ತಿರಬೇಕು. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐನಲ್ಲಿರುವುದು ಏಳು ಗೇರಿನ, ಎರಡು ಒಣ ಕ್ಲಚ್ಚಿನ ಡಿಎಸ್‌ಜಿ, ಅಂದರೆ ತಾನೇ ಗೇರು ಬದಲಿಸುವ ಗೇರ್‌ಬಾಕ್ಸ್. ಬ್ರೇಕ್ ಗಟ್ಟಿಯಾಗಿ ಒತ್ತಿ ನಿಂತಾಗ ಅದರ ಕ್ಲಚ್ಚು ಬಿಟ್ಟುಕೊಂಡಿರುತ್ತದೆ. ಬ್ರೇಕ್ ಅರೆಬರೆ ಬಿಟ್ಟು ಆಮೆಯಂತೆ ತೆವಳಿದಾಗ ಅರ್ಧ ಹಿಡಿದ ಕ್ಲಚ್ಚು ಉಜ್ಜಿ ಉಜ್ಜಿ ಕಾಯುತ್ತದೆ. ಅಂಗುಲ ಅಂಗುಲ ಸರಿಯುವ ಬದಲು, ಮುಂದಿನ ಕಾರು ಎರಡು ಕಾರಿನಷ್ಟು ಜಾಗ ಬಿಟ್ಟ ಮೇಲೆ ಒಮ್ಮೆಲೇ ಹೊರಡುವುದು ಅದಕ್ಕೆ ಹಿತ. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ 2025ರ ಅಕ್ಟೋಬರ್‌ನಲ್ಲಿ ಜಿ.ಡಿ. ನಾಯ್ಡು ಹೆಸರಿನ 10.1 ಕಿಲೋಮೀಟರಿನ ಮೇಲ್ಸೇತುವೆ ತೆರೆದದ್ದು ಇಂಥ ಕ್ಲಚ್ಚುಗಳಿಗೆ ದೊಡ್ಡ ಉಪಕಾರ. ಟೆಸ್ಟ್ ಡ್ರೈವಿನಲ್ಲಿ ಒಂದು, ಎರಡನೇ ಗೇರಿನ ನಡುವೆ ನಡುಕ ಇದ್ದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಎದ್ದು ಬನ್ನಿ.

ಟರ್ಬೊ ಕಾರನ್ನು ನಿಲ್ಲಿಸಿದ ಮೇಲೆ ಎರಡು ನಿಮಿಷ ಐಡಲ್ ಬಿಡಲೇಬೇಕು ಎಂಬುದು ಹಳೆಯ ಕಾಲದ ನಿಯಮ. ಮನೆ ತಲುಪುವ ಮುಂಚಿನ ಕೊನೆಯ ಒಂದೆರಡು ಕಿಲೋಮೀಟರು ಮೆಲ್ಲಗೆ ಓಡಿಸಿದರೆ ಅದೇ ಸಾಕು. ದಿಂಬಂ ಹತ್ತಿ ಹಾಸನೂರಿನಲ್ಲಿ ಚಹಾಕ್ಕೆ ನಿಲ್ಲಿಸಿದರೆ ಮಾತ್ರ ಒಂದು ನಿಮಿಷ ತಾಳಿ.

“ನೂರು ಆಕ್ಟೇನ್ ಹಾಕಿದರೆ ಕಾರು ಹಾರುತ್ತದೆ”

ಆಕ್ಟೇನ್ ಶಕ್ತಿಯ ಅಳತೆಯಲ್ಲ. ಎಂಜಿನ್ನಿನೊಳಗೆ ಪೆಟ್ರೋಲು ಅಕಾಲದಲ್ಲಿ ಸಿಡಿಯದಂತೆ ತಡೆದುಕೊಳ್ಳುವ ಗುಣದ ಅಳತೆ. ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ 91 ಎಂದಿದ್ದರೆ ದುಬಾರಿ ಪೆಟ್ರೋಲಿನಿಂದ ಹಗುರಾಗುವುದು ಜೇಬು. 95 ಎಂದಿದ್ದರೆ ಅದನ್ನೇ ಹಾಕಿ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಹಬ್ಬಿರುವ ಭಯವೂ ಪೂರಾ ಸುಳ್ಳಲ್ಲ, ಪೂರಾ ನಿಜವೂ ಅಲ್ಲ. ಹಳೆಯ ಕಾರುಗಳಲ್ಲಿ ಮೈಲೇಜು ಶೇಕಡಾ 6–7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಎಂಜಿನ್ನು ಒಂದೇ ಸಲಕ್ಕೆ ಕೆಡುವುದಿಲ್ಲ. ಆದರೆ ಹತ್ತು ವರ್ಷ ಹಳೆಯ ಕಾರಿನ ಇಂಧನದ ರಬ್ಬರ್ ಪೈಪು, ಸೀಲುಗಳನ್ನು ಮೆಕ್ಯಾನಿಕ್ಕಿಗೆ ತೋರಿಸಿ ಬದಲಿಸಿಕೊಳ್ಳುವುದು ಒಳ್ಳೆಯದು.

“ರೀಮ್ಯಾಪ್ ಸಾಫ್ಟ್‌ವೇರ್ ತಾನೇ, ಯಾರಿಗೆ ಗೊತ್ತಾಗುತ್ತದೆ?”

ಶಕ್ತಿ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿಸಿದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಗೊತ್ತಾಗುತ್ತದೆ. ಅಪಘಾತವಾದರೆ ವಿಮೆಯ ಸರ್ವೇಯರನಿಗೂ ಗೊತ್ತಾಗಬಹುದು. ತಿಳಿಸದೆ ಮಾಡಿಸಿದ ಬದಲಾವಣೆ ಕ್ಲೇಮ್ ತಿರಸ್ಕರಿಸಲು ಸಾಕಾದ ನೆಪ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕಾನೂನು ಬದಿಗಿಡಿ, ಹಿಂದಿನ ಮಾಲೀಕ ಮಾಡಿಸಿದ ರೀಮ್ಯಾಪಿನ ಭಾರ ಹೊತ್ತದ್ದು ಕ್ಲಚ್ಚು ಮತ್ತು ಗೇರ್‌ಬಾಕ್ಸು. ‘ಸ್ಟಾಕ್‌ಗೆ ಮರಳಿಸಿದ್ದೇನೆ’ ಅಂದರೂ ಸವೆದದ್ದು ಮರಳುವುದಿಲ್ಲ.

“ಅಪರೂಪದ ಕಾರು, ಬೆಲೆ ಇಳಿಯುವುದಿಲ್ಲ”

ಅಪರೂಪ ಸಂಗ್ರಾಹಕನಿಗೆ ಸೊಗಸು, ದಿನಾ ಓಡಿಸುವವನಿಗೆ ಸಂಕಟ. 2015ರಲ್ಲಿ ಹತ್ತು ಲಕ್ಷದೊಳಗೆ 145 ಕುದುರೆಶಕ್ತಿ ಕೊಟ್ಟ ಅಬಾರ್ಥ್ ಪುಂಟೊ ಓಡಿಸಲು ಮಜವಾದ ಕಾರು. ಆದರೆ ಅದನ್ನು ತಯಾರಿಸಿದ ಫಿಯೆಟ್ ಈ ದೇಶದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ. ಒಂದು ಸೆನ್ಸರಿಗಾಗಿ ವಾರಗಟ್ಟಲೆ ಕಾಯುತ್ತ ಬಸ್ಸಿನಲ್ಲಿ ತಿರುಪ್ಪೂರಿಗೆ ಹೋಗಬೇಕಾದೀತು. ಜೆಟಿಪಿ ಕಾರುಗಳೂ ಬಿಎಸ್6 ನಿಯಮ ಬರುವ ಹೊತ್ತಿಗೆ ನಿಂತುಹೋದವು. ಆದರೂ ಅವುಗಳ ಒಡಲು ಸಾದಾ ಟಿಯಾಗೊದ್ದು, ಎಂಜಿನ್ನು ನೆಕ್ಸಾನಿನ ಬಳಗದ್ದು. ಕಷ್ಟವಾಗುವುದು ಜೆಟಿಪಿಗೇ ಮೀಸಲಾದ ಬಂಪರು, ಬಾನೆಟ್ಟು ಒಡೆದಾಗ. ಪೋಲೊ ತಯಾರಿಕೆ 2022ರಲ್ಲಿ ನಿಂತರೂ 1.0 ಟಿಎಸ್‌ಐ ಎಂಜಿನ್ನಿನ ಕುಟುಂಬ ವರ್ಟಸ್, ಟೈಗುನ್, ಸ್ಲಾವಿಯಾ, ಕುಶಾಕ್‌ಗಳಲ್ಲಿ ಮುಂದುವರಿದಿದೆ. ಕುನ್ನತ್ತೂರಿನಿಂದ ಪೆರುಮಾನಲ್ಲೂರು ಮೇಲೆ ತಿರುಪ್ಪೂರಿಗೆ ದಿನವೂ ಓಡಾಡುವವರು ನನ್ನನ್ನು ಕೇಳಿದರೆ, 110 ಪಿಎಸ್‌ನ ಆ ಪೋಲೊ, ಅದೂ ಮ್ಯಾನುವಲ್ ಗೇರಿನದು, ಮೊದಲ ಆಯ್ಕೆ. ಟಿಯಾಗೊ ಜೆಟಿಪಿ ಎರಡನೆಯದು. ಆರ್‌ಎಸ್ ತರುವುದಾದರೆ ಮನೆಯಲ್ಲಿ ಇನ್ನೊಂದು ಕಾರು ಇರಲಿ.

“ದುಡ್ಡು ಕೊಟ್ಟು ಕೀ ತಗೊಂಡರೆ ಮುಗಿಯಿತು”

ಮುಗಿಯುವುದಿಲ್ಲ, ಎರಡೂ ಕಡೆಗೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರನ ಕೈಗಿಟ್ಟು ಮರೆತವರಿಗೆ ಇದು ಪಾಠ. ಕೊಂಡವರು 14 ದಿನದೊಳಗೆ ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಸ್ವಂತ ಕಾರಿನ ಹಾನಿಗೆ ಪೈಸೆ ಸಿಗದೆ ಹೋಗಬಹುದು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಅವನ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಬೇಕು.

ತಮಿಳುನಾಡಿನ ಕಾರನ್ನು ಚಾಮರಾಜನಗರಕ್ಕೋ ಮೈಸೂರಿಗೋ ಒಯ್ಯುವವರಿಗೆ ಇನ್ನೊಂದು ಮಾತು. 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಕರ್ನಾಟಕದ ನಂಬರು ಮಾಡಿಸಬೇಕು. ಅದಕ್ಕೆ ಫಾರಂ 28ರ ಎನ್‌ಒಸಿ, ಕಾರಿನ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ. ದುಬಾರಿ ಕಾರಿಗೆ ಈ ತೆರಿಗೆ ಲಕ್ಷ ದಾಟಬಹುದು. ಚೌಕಾಸಿ ಮಾಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಟೋಕನ್ ಕೊಡುವ ಮುನ್ನ ಪರಿವಾಹನ್ ಜಾಲತಾಣದಲ್ಲಿ ನಂಬರು ಹಾಕಿ ಸಾಲ, ವಿಮೆ, ಬಾಕಿ ದಂಡ ಮೂರನ್ನೂ ನೋಡಿ. ಕೊನೆಯ ಕಂತಿನ ದುಡ್ಡು ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ನಿಮ್ಮ ಬಳಿಯೇ ಇರಲಿ. ಇದಕ್ಕೆ ಒಪ್ಪದ ಮಾರಾಟಗಾರನ ಕಾರು ಎಷ್ಟೇ ಪಿಕಪ್ ಇದ್ದರೂ ಬೇಡ.