ಮೂರು ದೂರಗಳಿಗೆ ಒಂದು ಕನ್ನಡಕ

ನಾಲ್ವತ್ತು ದಾಟಿದ ಗೃಹಸ್ಥನು ಪಂಚಾಂಗವನ್ನು ತೋಳುದ್ದ ಹಿಡಿದು ಓದತೊಡಗಿದರೆ ಅವನಿಗೆ ‘ಚಾಳೀಸು’ ಬಂದಿತೆನ್ನುವುದು ನಮ್ಮಲ್ಲಿ ರೂಢಿ. ಹಿಂದುಸ್ತಾನಿಯಲ್ಲಿ ಚಾಳೀಸ್ ಎಂದರೆ ನಾಲ್ವತ್ತು. ವಯಸ್ಸಿನ ಹೆಸರೇ ಕನ್ನಡಕಕ್ಕೂ ಬಂದಿದೆ. ಇದು ರೋಗವಲ್ಲ. ಕಣ್ಣಿನೊಳಗಿನ ಮಸೂರವು ಎಳೆತನದಲ್ಲಿ ಮೃದುವಾಗಿದ್ದು, ವಸ್ತುವಿನ ದೂರಕ್ಕೆ ತಕ್ಕಂತೆ ಆಕಾರವನ್ನು ಬದಲಿಸಿಕೊಳ್ಳುತ್ತದೆ. ವಯಸ್ಸಾದಂತೆ ಬಿರುಸಾಗಿ ಆ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ದೂರದ ಗಾಜಿನ ಅರ್ಧವನ್ನು ಮೇಲೆಯೂ ಓದುವ ಗಾಜಿನ ಅರ್ಧವನ್ನು ಕೆಳಗೂ ಜೋಡಿಸಿದ ಕನ್ನಡಕವನ್ನು ತಾನು ಧರಿಸುತ್ತಿರುವುದಾಗಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು 1785ರ ಪತ್ರವೊಂದರಲ್ಲಿ ಬರೆದನು. ಫ್ರಾನ್ಸಿನ ಎಂಜಿನಿಯರ್ ಬರ್ನಾರ್ ಮೆತನಾಜನು ರೂಪಿಸಿದ ‘ವ್ಯಾರಿಲಕ್ಸ್’ 1959ರಲ್ಲಿ ಪೇಟೆಗೆ ಬಂದಿತು. ಇದರಲ್ಲಿ ಅಡ್ಡಗೆರೆಯಿಲ್ಲ; ಶಕ್ತಿಯು ಮೇಲಿನಿಂದ ಕೆಳಕ್ಕೆ ಮೆಲ್ಲಮೆಲ್ಲನೆ ಏರುತ್ತದೆ. ಮೇಲ್ಭಾಗವು ದೂರಕ್ಕೆ, ನಡುಭಾಗವು ಗಣಕಯಂತ್ರದ ಪರದೆಗೆ, ಕೆಳಭಾಗವು ಓದಿಗೆ. ಇಂದು ‘ಪ್ರೋಗ್ರೆಸಿವ್’ ಎಂದು ಮಾರುವ ಮಸೂರಗಳು ಇದೇ ಜಾತಿಯವು.

ಈ ಅನುಕೂಲವು ಬಿಟ್ಟಿಯದಲ್ಲ. ಮಸೂರದ ಇಕ್ಕೆಲಗಳಲ್ಲಿ ಮಸುಕು ಉಳಿಯುತ್ತದೆ. ಪಕ್ಕಕ್ಕೆ ನೋಡಬೇಕಾದರೆ ಕಣ್ಣನ್ನಷ್ಟೇ ಹೊರಳಿಸದೆ ಮುಖವನ್ನೇ ತಿರುಗಿಸಬೇಕು. ನಡುವಿನ ದಾರಿಯಂತೂ ಬಹಳ ಕಿರಿದು. ಆದಕಾರಣ ದಿನವಿಡೀ ಗಣಕಯಂತ್ರದ ಮುಂದಿರುವವರು ಗಲ್ಲವನ್ನೆತ್ತಿ ನೋಡುವಂತಾಗಿ, ಕತ್ತುನೋವಿಗೆ ಗುರಿಯಾಗುವುದುಂಟು. ಅಂಥವರು ಪರದೆಗೂ ಓದಿಗೂ ಮಾತ್ರ ಒಪ್ಪುವ ಎರಡನೆಯ ಕನ್ನಡಕವೊಂದನ್ನು ಮೇಜಿನ ಮೇಲಿರಿಸಿಕೊಳ್ಳುವುದು ಮೇಲು. ಅದನ್ನು ಧರಿಸಿ ವಾಹನ ನಡೆಸಲಾಗದು.

ಮೆಟ್ಟಿಲಿನ ಮಾತು ಇನ್ನೂ ಮುಖ್ಯವಾದುದು. ಇಳಿಯುವಾಗ ಕಾಲ ಬಳಿಯ ಮೆಟ್ಟಿಲು ಓದುವ ಭಾಗದ ಮೂಲಕ ಕಂಡು ಮಸುಕಾಗುತ್ತದೆ. ಗಲ್ಲವನ್ನು ತಗ್ಗಿಸಿ ಮೇಲ್ಭಾಗದಿಂದಲೇ ನೋಡತಕ್ಕದ್ದು. ಹೊರಗೆ ಹೆಚ್ಚಾಗಿ ತಿರುಗಾಡುವ ವೃದ್ಧರಿಗೆ ಕೇವಲ ದೂರದೃಷ್ಟಿಯ ಕನ್ನಡಕವೇ ಕ್ಷೇಮ. ಬಿದ್ದು ಸೊಂಟ ಮುರಿದುಕೊಳ್ಳುವ ಕಷ್ಟದ ಮುಂದೆ ಎರಡು ಕನ್ನಡಕಗಳ ಭಾರವು ಯಾವ ಲೆಕ್ಕ?

ಆದುದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳಿರಿ. ಪುಸ್ತಕವು ಕಣ್ಣಿನಿಂದ ಸಾಧಾರಣವಾಗಿ 40 ಸೆಂಟಿಮೀಟರು, ಪರದೆಯು 50ರಿಂದ 70 ಸೆಂಟಿಮೀಟರು ದೂರದಲ್ಲಿರುತ್ತದೆ. ನಿಮ್ಮ ಓದು, ಹೊಲಿಗೆ, ಪರದೆಗಳ ದೂರವನ್ನು ಬರೆದುಕೊಂಡು ಪರೀಕ್ಷಕರಿಗೆ ತಿಳಿಸಿರಿ. ಚೌಕಟ್ಟು ತೀರ ಗಿಡ್ಡವಾದರೆ ಓದುವ ಭಾಗವೇ ಕತ್ತರಿಸಿಹೋದೀತು. ಆರಿಸಿದ ಚೌಕಟ್ಟನ್ನು ಮುಖದ ಮೇಲಿಟ್ಟೇ ಎರಡೂ ಪಾಪೆಗಳ ಸ್ಥಾನವನ್ನು ಬೇರೆಬೇರೆಯಾಗಿ ಗುರುತಿಸುವಂತೆ ಕೇಳಿರಿ. ಹೊಸ ಕನ್ನಡಕವು ಒಗ್ಗಲು ಒಂದೆರಡು ವಾರ ಹಿಡಿಯಬಹುದು. ಆಮೇಲೂ ತಲೆ ಸುತ್ತಿದರೆ ಸಹಿಸುತ್ತ ಕೂಡದೆ ಮರಳಿ ಒಯ್ದು ತೋರಿಸಿರಿ.

ಇದೇ ಸಂದರ್ಭದಲ್ಲಿ ವೈದ್ಯರಿಂದ ಕಣ್ಣಿನ ಒತ್ತಡವನ್ನೂ ಒಳನರವನ್ನೂ ಪರೀಕ್ಷೆ ಮಾಡಿಸಿಕೊಳ್ಳಿರಿ. ಗ್ಲಾಕೋಮಾ ಎಂಬ ರೋಗವು ನೋವಿಲ್ಲದೆಯೇ ದೃಷ್ಟಿಯನ್ನು ಕದಿಯಬಲ್ಲದು. ಮಂದವಾದ ಓದನ್ನು ಕನ್ನಡಕವು ಸರಿಪಡಿಸೀತು. ಆ ರೋಗದಿಂದ ಹೋದ ದೃಷ್ಟಿಯನ್ನು ಯಾವ ಗಾಜೂ ಮರಳಿ ತಾರದು.